ಮೌನ ಕಾಯುವ ಊರುಗಳು

‘ಪುತ್ತೂರು ಕಡೆ ಒಳ್ಳೆಯ ಧ್ಯಾನಕೇಂದ್ರ ಯಾವುದಿದೆ?’ ಎಂದು ಬೆಂಗಳೂರಿನ ಸ್ನೇಹಿತರು ಆಗಾಗ ಕೇಳುತ್ತಾರೆ. ಮಾತು ಬಿಟ್ಟು ಕೆಲವು ದಿನ ಕುಳಿತು ಬರಬೇಕು, ಬಾಗಿಲಲ್ಲೇ ಫೋನು ಇಸಿದುಕೊಳ್ಳುವ ಜಾಗವಾದರೆ ಇನ್ನೂ ಒಳ್ಳೆಯದು ಎಂಬುದು ಅವರ ಬೇಡಿಕೆ. ಅಂಥದ್ದೇ ಬೇಕೆಂದರೆ ಅವರು ಘಟ್ಟ ಇಳಿದು ಬರಬೇಕಾಗಿಲ್ಲ. ಎಸ್. ಎನ್. ಗೋಯೆಂಕಾ 1969ರಲ್ಲಿ ಬರ್ಮಾದಿಂದ ಭಾರತಕ್ಕೆ ಮರಳಿ ತಂದ ವಿಪಶ್ಯನ ಪದ್ಧತಿಯ ಕೇಂದ್ರವೊಂದು ಬೆಂಗಳೂರಿನ ಹೊರವಲಯದಲ್ಲೇ ಇದೆ. ಹತ್ತು ದಿನದ ಶಿಬಿರ, ಅದರಲ್ಲಿ ಹೆಚ್ಚಿನ ದಿನ ಆರ್ಯಮೌನ. ವೇಳಾಪಟ್ಟಿ, ಗಂಟೆ, ಊಟ ಎಲ್ಲ ಅಲ್ಲಿ ಅಚ್ಚುಕಟ್ಟು.

ಪುತ್ತೂರು, ಕಡಬ, ಸುಳ್ಯಗಳಲ್ಲಿ ಮೌನ ಹೀಗೆ ಒಂದು ಕಾಂಪೌಂಡಿನೊಳಗೆ ಸಿಗುವಂಥದ್ದಲ್ಲ. ದಕ್ಷಿಣ ಕನ್ನಡದ ಪೂರ್ವದ ಅಂಚಿನ ತಾಲೂಕುಗಳಿವು. ಮಂಗಳೂರಿನಿಂದ ಬರುವವರಿಗೆ ಮೊದಲು ಪುತ್ತೂರಿನ ಮುರಕಲ್ಲಿನ ಗುಡ್ಡಗಳು, ಆಮೇಲೆ ಕುಮಾರಧಾರಾ ಹೊಳೆಯ ಬದಿಯ ಕಡಬ, ಕೊನೆಗೆ ಕೊಡಗಿನ ಬೆಟ್ಟಕ್ಕೆ ಬೆನ್ನು ಕೊಟ್ಟು ಕುಳಿತ ಸುಳ್ಯ. ಪುತ್ತೂರು ಮತ್ತು ಸುಳ್ಯದ ಹಳ್ಳಿಗಳನ್ನು ತೆಗೆದು ಕಡಬ ತಾಲೂಕು ಮಾಡಿದ್ದು ಈಚೆಗೆ. ಸದ್ದಿಗೆ ಇಲ್ಲಿ ಬರವಿಲ್ಲ. ಮಳೆಗಾಲದಲ್ಲಿ ಹೆಂಚಿನ ಮೇಲೆ ನೀರು ಬೀಳುವ ಅಬ್ಬರಕ್ಕೆ ಚಾವಡಿಯ ಮಾತು ಅಡುಗೆಮನೆಗೆ ಕೇಳದು. ಮಳೆ ನಿಂತರೆ ಕೋಲ, ನೇಮ, ಜಾತ್ರೆ, ಕಂಬಳ, ಬೆಳತನಕ ಯಕ್ಷಗಾನ.

ಇಷ್ಟು ಗದ್ದಲದ ಸೀಮೆಯಲ್ಲಿ ಮನಸ್ಸು ತಣ್ಣಗಾಗುವ ಜಾಗಗಳು ಯಾವುವು ಎಂದು ಪುತ್ತೂರಿನಿಂದ ತೊಡಿಕಾನದವರೆಗೆ ನೋಡುತ್ತ ಹೋದೆ. ಜಾಗಗಳೇನೋ ಬೇಕಾದಷ್ಟಿವೆ. ಆದರೆ ಎಲ್ಲಿಯೂ ಮೌನ ತಾನಾಗಿ ಉಳಿದುಕೊಂಡಿಲ್ಲ. ಯಾರೋ ಅದನ್ನು ಕಾಯುತ್ತ ಬಂದಿದ್ದಾರೆ. ಒಂದೆಡೆ ದೇವರ ಭಯ ಕಾದಿದೆ, ಒಂದೆಡೆ ದುಡಿಮೆ, ಇನ್ನೊಂದೆಡೆ ಏರುದಾರಿ. ಕಾವಲು ಸಡಿಲಾದ ಕಡೆ ಅದು ಹೋಗಿಯೂ ಆಗಿದೆ.

ಪುತ್ತೂರು: ದೇವರ ಕೆರೆಯ ಮೆಟ್ಟಿಲು

ಪುತ್ತೂರಿನ ಮಹಾಲಿಂಗೇಶ್ವರ ಈ ಸೀಮೆಯವರಿಗೆ ‘ಹತ್ತೂರ ಒಡೆಯ’. ಏಪ್ರಿಲ್ 10ರಿಂದ ಜಾತ್ರೆ, 17ರ ರಾತ್ರಿ ಬ್ರಹ್ಮರಥೋತ್ಸವ. ಆ ರಾತ್ರಿಯ ಸಿಡಿಮದ್ದಿಗೆ ‘ಪುತ್ತೂರ ಬೆಡಿ’ ಎಂದೇ ಹೆಸರು. ದೂರದ ಊರುಗಳಿಂದ ಜನ ಅದಕ್ಕಾಗಿಯೇ ಬಂದು ಗದ್ದೆಯಲ್ಲಿ ಕೂರುತ್ತಾರೆ. ಎದುರಿನ ದೇವರಮಾರು ಗದ್ದೆಯಲ್ಲೇ ಕೋಟಿ-ಚೆನ್ನಯ ಕಂಬಳವೂ ನಡೆಯುತ್ತದೆ. ಇಂಥ ದೇವಸ್ಥಾನದಲ್ಲಿ ಮೌನವೇ ಎಂದು ಕೇಳಬಹುದು. ಮಾಮೂಲಿ ದಿನವೊಂದರ ಬೆಳಗಿನ ಜಾವ ಕೆರೆಯ ಬದಿಗೆ ಹೋಗಬೇಕು.

ಈ ಕೆರೆಗೊಂದು ಕತೆಯಿದೆ. ಎಷ್ಟು ಅಗೆದರೂ ನೀರು ಬರಲಿಲ್ಲವಂತೆ. ಕೊನೆಗೆ ಒಣಗಿದ ಕೆರೆಯ ತಳದಲ್ಲೇ ಎಲೆ ಹಾಕಿ ಊಟ ಬಡಿಸಿದರು. ಜನ ಉಣ್ಣುತ್ತಿರುವಾಗಲೇ ನೀರು ಉಕ್ಕಿತು, ಎಲೆಯಲ್ಲಿ ಉಳಿದ ಅಗುಳು ಮುತ್ತಾಯಿತು. ಈಗ ಕೆರೆ ತುಂಬಿದೆ. ಪೇಟೆಯ ಬಸ್ಸುಗಳು ಹಾರ್ನ್ ಶುರುಮಾಡುವ ಮುಂಚೆ ಮೆಟ್ಟಿಲ ಮೇಲೆ ಅಲ್ಲಲ್ಲಿ ಒಬ್ಬೊಬ್ಬರು ಕುಳಿತಿರುತ್ತಾರೆ. ಕೆಲವರ ಕೈಯಲ್ಲಿ ಜಪಮಣಿ, ಕೆಲವರದು ಸುಮ್ಮನೆ ಕೂತ ಕೂರುವಿಕೆ. ದಿನಾ ಬರುವ ಹಿರಿಯರೊಬ್ಬರು ಎದ್ದು ಹೊರಟ ಮೇಲೆ ಮಾತಿಗೆ ಸಿಕ್ಕಿದರು. ‘ಇಲ್ಲಿ ಬರೆದಿಟ್ಟ ನಿಯಮ ಎಂತದ್ದೂ ಇಲ್ಲ ಮಾರಾಯ್ರೇ. ಕಣ್ಣು ಮುಚ್ಚಿ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ, ಅಷ್ಟೇ. ಕಣ್ಣು ಬಿಟ್ಟ ಮೇಲೆ ನಮಸ್ಕಾರ ಹೇಳುವುದು’ ಎಂದರು. ಪಕ್ಕದಲ್ಲಿ ಕೂತವರ ಈ ಮರ್ಯಾದೆಯೇ ಕೆರೆಯ ಬದಿಯ ಕಾವಲು. ಏಳು ಗಂಟೆ ದಾಟಿತೋ, ಅದೂ ಮುಗಿಯಿತು.

ಮೌನ ಸಾಧಿಸಲು ಊರು ಬಿಟ್ಟು ಹೋಗಬೇಕಿಲ್ಲ ಎಂದು ತೋರಿಸಿಕೊಟ್ಟ ಒಬ್ಬರು ಈ ದಾರಿಯಲ್ಲಿ ಹಾದುಹೋಗಿದ್ದಾರೆ. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿ ಕೊಡಗಿನಿಂದ ಇಳಿದು ಪುತ್ತೂರಿಗೆ ಬಂದು, ಮಂಗಳೂರಿಗೆ ಮುಂದುವರಿದರು. ವಾರಕ್ಕೊಮ್ಮೆ, ಸೋಮವಾರ, ಅವರದು ಮೌನವ್ರತ. ಎಷ್ಟೇ ದೊಡ್ಡ ಪ್ರವಾಸವಿರಲಿ, ಯಾರೇ ಎದುರು ಬಂದು ಕೂರಲಿ, ಆ ದಿನ ಬಾಯಿ ತೆರೆಯುತ್ತಿರಲಿಲ್ಲ. ತೀರ ಅಗತ್ಯವಿದ್ದರೆ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ದಿನಕ್ಕೆ ಹಲವು ಸಭೆಗಳಲ್ಲಿ ಮಾತಾಡುವ ಮನುಷ್ಯನಿಗೆ ವಾರದ ಒಂದು ದಿನ ಹೀಗೆ ಬೇಲಿ ಹಾಕಿಕೊಳ್ಳುವುದು ಅನಿವಾರ್ಯವಾಗಿತ್ತು.

ಪುತ್ತೂರಿನ ಬೇರೆ ಸಮುದಾಯಗಳಿಗೂ ತಮ್ಮದೇ ಮೌನದ ಹೊತ್ತುಗಳಿವೆ. ಇಲ್ಲಿನ ಮಾಯ್ ದೆ ದೇವುಸ್ ಇಗರ್ಜಿಯಂಥ ಕಥೋಲಿಕ ಇಗರ್ಜಿಗಳಲ್ಲಿ ಪವಿತ್ರ ಗುರುವಾರದ ರಾತ್ರಿಯಿಂದ ಈಸ್ಟರ್ ಜಾಗರಣೆಯವರೆಗೆ ಗಂಟೆ ಬಾರಿಸದಿರುವುದು ಸಂಪ್ರದಾಯ. ಶುಭ ಶುಕ್ರವಾರ ಪೂರ್ತಿ ಗಂಟೆಗೋಪುರ ಮೂಕ. ರಮ್ಜಾನಿನ ಕೊನೆಯ ಹತ್ತು ದಿನ ಮಸೀದಿಯೊಳಗೇ ಉಳಿದು, ಪೇಟೆ ವ್ಯವಹಾರ ಬಿಟ್ಟು ಪ್ರಾರ್ಥನೆಯಲ್ಲಿ ಕಳೆಯುವ ಇಅ್‌ತಿಕಾಫ್ ಮುಸ್ಲಿಮರ ಪದ್ಧತಿ. ಎಲ್ಲವೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟ ಮೌನ. ಮನಸ್ಸು ಬಂದಾಗ ಮಾಡೋಣ ಎಂದುಕೊಂಡರೆ ಎಂದೂ ಆಗುವುದಿಲ್ಲ ಎಂದು ಹಿಂದಿನವರಿಗೆ ಗೊತ್ತಿತ್ತು.

ಬಾಲವನ: ದೇವರಿಲ್ಲದ ಏಕಾಗ್ರತೆ

ಪುತ್ತೂರು ಪೇಟೆಯಿಂದ ಪರ್ಲಡ್ಕದ ಕಡೆ ಹೊರಟರೆ ಬಾಲವನ. 1930ರ ದಶಕದಿಂದ ಸುಮಾರು ನಾಲ್ಕು ದಶಕ ಶಿವರಾಮ ಕಾರಂತರು ಬದುಕಿದ್ದು ಈ ಗುಡ್ಡದ ಮೇಲೆ. ಮನೆ, ನಾಟ್ಯಶಾಲೆ, ಮರಗಳ ನೆರಳು. ಸರ್ಕಾರ ಇದನ್ನು ಸ್ಮಾರಕವಾಗಿ ಉಳಿಸಿಕೊಂಡಿದೆ. ಶಾಲೆಮಕ್ಕಳ ಬಸ್ಸು ಬಂದ ದಿನ ಕಲರವ, ಉಳಿದ ದಿನ ಮರದಿಂದ ತರಗೆಲೆ ಬೀಳುವುದು ಕೇಳುವಷ್ಟು ಬಿಡುವು.

ಕಾರಂತರಿಗೆ ದೇವರು, ಧ್ಯಾನ, ಮೋಕ್ಷ ಯಾವುದರ ಮೇಲೂ ಭರವಸೆ ಇರಲಿಲ್ಲ. ಮೌನದ ಕುರಿತ ಲೇಖನದಲ್ಲಿ ಅವರನ್ನು ಎಳೆದು ತಂದರೆ ಸಿಟ್ಟಾಗುತ್ತಿದ್ದರೋ ಏನೋ. ಆದರೆ ಈ ಆವರಣದಲ್ಲಿ ಒಂದು ಸುತ್ತು ಹಾಕಿ, ಇಲ್ಲಿದ್ದ ಕಾಲದಲ್ಲಿ ಅವರು ಮಾಡಿದ ಕೆಲಸ ನೆನಪಿಸಿಕೊಳ್ಳಿ. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’, 1968ರಲ್ಲಿ ಬಂದು 1977ರ ಜ್ಞಾನಪೀಠ ತಂದುಕೊಟ್ಟ ‘ಮೂಕಜ್ಜಿಯ ಕನಸುಗಳು’. ಅದರ ಮೇಲೆ ಮಕ್ಕಳಿಗಾಗಿ ಮೂರು ಸಂಪುಟದ ‘ಬಾಲಪ್ರಪಂಚ’, ದೊಡ್ಡವರಿಗಾಗಿ ನಾಲ್ಕು ಸಂಪುಟದ ‘ವಿಜ್ಞಾನ ಪ್ರಪಂಚ’. ವಿಶ್ವಕೋಶದ ಸಂಪುಟಗಳನ್ನು ಒಬ್ಬನೇ ಮನುಷ್ಯ ಕೂತು ಬರೆಯುವುದೆಂದರೆ ಎಷ್ಟು ಸಾವಿರ ಗಂಟೆ ತುಟಿ ಬಿಚ್ಚದೆ ಕೂತಿರಬೇಕು! ಜತೆಗೆ ನಾಟಕ, ನೃತ್ಯ, ಯಕ್ಷಗಾನ, ಪುತ್ತೂರಿನ ದಸರಾ ನಾಡಹಬ್ಬ. ಊರೆಲ್ಲ ಸದ್ದು ಮಾಡಿಸಿದ ಮನುಷ್ಯ ತನ್ನ ಬರೆಯುವ ಹೊತ್ತನ್ನು ಬೇರೆಯಾಗಿ ಕಾದುಕೊಂಡಿದ್ದರು.

ಧ್ಯಾನವನ್ನು ಕಲಿಸುವವರು ಹೇಳುವುದು ಇದನ್ನೇ: ಮನಸ್ಸನ್ನು ಒಂದರ ಮೇಲೆ ಇಡು, ಜಾರಿದರೆ ಮತ್ತೆ ತಂದು ಇಡು. ಉಸಿರಿನ ಮೇಲೆ ಇಟ್ಟರೆ ಧ್ಯಾನ, ವಾಕ್ಯದ ಮೇಲೆ ಇಟ್ಟರೆ ಬರವಣಿಗೆ. ಬಾಲವನಕ್ಕೆ ಬಂದವರು ಕಾರಂತರ ಫೋಟೋ ನೋಡಿ ಹತ್ತು ನಿಮಿಷದಲ್ಲಿ ಹೊರಟುಬಿಡುತ್ತಾರೆ. ಒಂದು ಪುಸ್ತಕ ತಂದು, ಮರದ ಕೆಳಗೆ ಕೂತು ಒಂದು ಅಧ್ಯಾಯ ಓದಿ ಹೋಗುವುದು ಈ ಜಾಗವನ್ನು ನೋಡುವ ಸರಿಯಾದ ಕ್ರಮ.

ಸುರಂಗದ ಕತ್ತಲು

ಈ ಸೀಮೆಯ ಇನ್ನೊಂದು ಬಗೆಯ ಏಕಾಗ್ರತೆ ನೆಲದೊಳಗಿದೆ. ಕಾಸರಗೋಡು, ಬಂಟ್ವಾಳ, ಪುತ್ತೂರುಗಳ ಮುರಕಲ್ಲಿನ ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗಗಳು ನೀರಿನ ಮೂಲ. ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗುವಷ್ಟು ಜಾಗ. ನೀರು ಸಿಕ್ಕಿತೆಂದರೆ ಪಂಪು ಬೇಡ, ಕರೆಂಟು ಬೇಡ. ತಾನಾಗಿ ಹರಿದು ಅಂಗಳದ ಟ್ಯಾಂಕಿಗೆ ಬರುತ್ತದೆ.

ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಕೆಲಸಕ್ಕೆ. ಹಗಲು ಬೇರೆಯವರ ತೋಟದಲ್ಲಿ ಮರ ಹತ್ತುವ ಕೂಲಿ, ಅದು ಮುಗಿದ ಮೇಲೆ ತಮಗೆ ಸಿಕ್ಕಿದ ಬೋಳು ಗುಡ್ಡದಲ್ಲಿ ದೀಪ ಹಚ್ಚಿಕೊಂಡು ಒಬ್ಬರೇ ಸುರಂಗ ಕೊರೆತ. ಐದು ಸುರಂಗಗಳಲ್ಲಿ ನೀರು ಸಿಗಲಿಲ್ಲ; ಆರನೆಯದರಲ್ಲಿ ಸಿಕ್ಕಿತು. ಇವತ್ತು ಆ ಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆಯ ತೋಟ. ವರ್ಷಗಟ್ಟಲೆ ಕತ್ತಲಲ್ಲಿ ಒಂಟಿಯಾಗಿ ಗುದ್ದಲಿ ಹಾಕುವಾಗ ಮನಸ್ಸು ಎಲ್ಲೆಲ್ಲಿಗೆ ಓಡಬೇಡ! ಅದನ್ನು ಎಳೆದು ತಂದು ಮುಂದಿನ ಏಟಿನ ಮೇಲೆ ನಿಲ್ಲಿಸಿದ್ದೇ ಅವರ ಸಾಧನೆ.

ಹಳೆಯ ಸುರಂಗವೊಂದರ ಬಾಯಲ್ಲಿ ನಿಂತರೆ ತಂಪು ಗಾಳಿ ಮುಖಕ್ಕೆ ತಾಗುತ್ತದೆ, ಒಳಗೆಲ್ಲೋ ನೀರು ತೊಟ್ಟಿಕ್ಕುವುದು ಕೇಳುತ್ತದೆ. ಬಾವಲಿ, ಹಾವು ಇರುವ ಜಾಗ. ಮನೆಯವರ ಜತೆಯಿಲ್ಲದೆ ಒಳಗೆ ಕಾಲಿಡುವ ಸಾಹಸ ಬೇಡ. ಬೋರ್‌ವೆಲ್ ಬಂದ ಮೇಲೆ ಎಷ್ಟೋ ಸುರಂಗಗಳ ಬಾಯಿಗೆ ಮಣ್ಣು ಬಿದ್ದಿದೆ.

ಎರಡು ಹೊಳೆ ಕೂಡುವಲ್ಲಿ

ಪುತ್ತೂರಿನಿಂದ ಉಪ್ಪಿನಂಗಡಿಗೆ ಸುಮಾರು ಹನ್ನೆರಡು ಕಿಲೋಮೀಟರ್. ಕುದುರೆಮುಖದ ಕಡೆಯಿಂದ ಬರುವ ನೇತ್ರಾವತಿ, ಸುಬ್ರಹ್ಮಣ್ಯದ ಕಡೆಯಿಂದ ಬರುವ ಕುಮಾರಧಾರಾ ಇಲ್ಲಿ ಸಹಸ್ರಲಿಂಗೇಶ್ವರನ ಎದುರು ಕೂಡುತ್ತವೆ. ಮಳೆಗಾಲದಲ್ಲಿ ಎರಡೂ ಉಕ್ಕಿ ದೇವಸ್ಥಾನದ ಮುಂದೆ ಸೇರಿದರೆ ‘ಸಂಗಮವಾಯಿತು’ ಎಂದು ಊರಿಗೆ ಊರೇ ಓಡಿಬಂದು ಬಾಗಿನ ಬಿಡುತ್ತದೆ. ಬೇಸಿಗೆಯಲ್ಲಿ ಹೊಳೆ ಇಳಿದ ಮೇಲೆ ಮರಳು ಬಗೆದು, ಅಡಿಯಲ್ಲಿರುವ ಉದ್ಭವ ಲಿಂಗಕ್ಕೆ ಮಖೆ ಜಾತ್ರೆಯ ಪೂಜೆ. ದಡದಲ್ಲಿ ಪಿತೃಕಾರ್ಯಕ್ಕೆ ಬಂದ ಕುಟುಂಬಗಳು ತರ್ಪಣ ಬಿಟ್ಟು ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲುವುದನ್ನು ನೋಡಬಹುದು. ಅವರ ಬಳಿ ಕ್ಯಾಮೆರಾ ಹಿಡಿದು ಸುಳಿಯದಿದ್ದರೆ ಚೆನ್ನ.

ಅಲ್ಲಿಂದ ಮುಂದಕ್ಕೆ ಕಡಬ ತಾಲೂಕಿನ ರಾಮಕುಂಜ. ಪೇಜಾವರ ಮಠದ ವಿಶ್ವೇಶತೀರ್ಥರು 1931ರಲ್ಲಿ ಹುಟ್ಟಿದ ಊರು. 1938ರಲ್ಲಿ, ಏಳರ ವಯಸ್ಸಿಗೇ, ಸನ್ಯಾಸ. 2016ರಲ್ಲಿ ಐದನೆಯ ಪರ್ಯಾಯ. 2019ರ ಡಿಸೆಂಬರಿನಲ್ಲಿ ನಿಧನ. ಅವರಷ್ಟು ಓಡಾಡಿದ, ಅವರಷ್ಟು ಮಾತಾಡಿದ ಯತಿ ಕಡಿಮೆ. ಆದರೂ ಜಪ, ಪೂಜೆಯ ಹೊತ್ತು ಅವರ ದಿನದಲ್ಲಿ ಮೊದಲೇ ತೆಗೆದಿಟ್ಟ ಪಾಲು. ಸಂಸಾರಿಗಳೂ ಇಲ್ಲಿ ಹಾಗೆಯೇ ಬದುಕಿದವರು: ಹಿಂದಿನ ಮನೆಗಳಲ್ಲಿ ಎಲೆಯ ಮುಂದೆ ಪರಿಷೇಚನೆ ಮಾಡಿದ ಅಜ್ಜ ಊಟ ಮುಗಿದು ಏಳುವವರೆಗೆ ಮಾತಾಡುತ್ತಿರಲಿಲ್ಲ, ಮಜ್ಜಿಗೆ ಬೇಕಿದ್ದರೆ ಕೈಸನ್ನೆ. ಈಗ ಆ ಹೊತ್ತಿಗೆ ಟಿ.ವಿ. ಮಾತಾಡುತ್ತದೆ.

ಸುಬ್ರಹ್ಮಣ್ಯ: ಗುಹೆ, ಹುತ್ತ, ಬನ

ಕುಕ್ಕೆ ಸುಬ್ರಹ್ಮಣ್ಯದ ರಥಬೀದಿಯಲ್ಲಿ ನಿಂತು ಶಾಂತಿ ಹುಡುಕುವುದು ಕಷ್ಟ. ಆಶ್ಲೇಷಾ ನಕ್ಷತ್ರದ ದಿನ, ಷಷ್ಠಿಯ ದಿನ ಕಾಲಿಡಲು ಜಾಗವಿರದು. ಮಾರ್ಗಶಿರದ ಚಂಪಾಷಷ್ಠಿಗೆ ಮಲೆಕುಡಿಯರು ಕಾಡಿನ ಬೆತ್ತ ತಂದು ಕಟ್ಟಿದ ರಥ ಎಳೆಯುವಾಗ ನೆರೆಯುವ ಜನಕ್ಕೆ ಲೆಕ್ಕವಿಲ್ಲ. ಆದರೆ ಈ ಕ್ಷೇತ್ರದ ಕತೆ ಶುರುವಾಗುವುದೇ ಅಡಗಿ ಕುಳಿತ ಒಬ್ಬನಿಂದ. ಗರುಡನ ಭಯಕ್ಕೆ ನಾಗರಾಜ ವಾಸುಕಿ ಬಿಲದ್ವಾರದ ಗುಹೆ ಸೇರಿ ತಪಸ್ಸು ಮಾಡಿದ. ತಾರಕನನ್ನು ಕೊಂದು ಬಂದ ಕುಮಾರಸ್ವಾಮಿ ಅವನಿಗೆ ಅಭಯ ಕೊಟ್ಟು ಇಲ್ಲಿಯೇ ನೆಲಸಿದ ಎಂಬುದು ಸ್ಥಳಪುರಾಣ. ಶಾಂತಿ ಇಲ್ಲಿ ಪುರಾಣದಲ್ಲೂ ಭಯಪಟ್ಟವನಿಗೆ ಸಿಕ್ಕಿದ ವರ.

ಬಿಲದ್ವಾರ ಪೇಟೆಯ ಹತ್ತಿರವೇ ಇದೆ. ಬಗ್ಗಿ ಒಳಹೊಕ್ಕರೆ ಕತ್ತಲು, ತೇವ, ಇಕ್ಕಟ್ಟು. ಒಳಗೆ ಮಾತಾಡಿದರೆ ತನ್ನ ದನಿಯೇ ವಿಚಿತ್ರವಾಗಿ ಕೇಳುವುದರಿಂದಲೋ ಏನೋ, ಗಲಾಟೆ ಮಾಡುತ್ತ ಬಂದ ಕಾಲೇಜು ಹುಡುಗರೂ ತಾವಾಗಿ ದನಿ ತಗ್ಗಿಸುತ್ತಾರೆ.

ಮುಖ್ಯ ದೇವಸ್ಥಾನದಿಂದ ಸ್ವಲ್ಪ ನಡೆದರೆ ಆದಿ ಸುಬ್ರಹ್ಮಣ್ಯ. ಇಲ್ಲಿ ಪೂಜೆ ಹುತ್ತಕ್ಕೆ. ಬದಿಯಲ್ಲಿ ದರ್ಪಣತೀರ್ಥದ ಹೊಳೆ. ಹುತ್ತದ ಮಣ್ಣೇ ಕ್ಷೇತ್ರದ ದೊಡ್ಡ ಪ್ರಸಾದ, ಮೂಲಮೃತ್ತಿಕೆ. ಮಧ್ಯಾಹ್ನದ ಊಟದ ಗದ್ದಲ ಕಳೆದ ಮೇಲೆ ಇಲ್ಲಿನ ಜಗಲಿಯಲ್ಲಿ ಕೂತರೆ ಹೊಳೆಯ ಸದ್ದು, ಆಗೊಮ್ಮೆ ಈಗೊಮ್ಮೆ ಗಂಟೆ. ಮುಖ್ಯ ಗುಡಿಯಲ್ಲಿ ಕ್ಯೂ ನಿಂತು ಸೋತವರು ಇಲ್ಲಿಗೆ ಬಂದು ಕಾಲು ಚಾಚುತ್ತಾರೆ.

ಆದರೆ ಈ ಸೀಮೆಯ ನಿಜವಾದ ಮೌನಮಂದಿರಗಳು ದೊಡ್ಡ ಕ್ಷೇತ್ರಗಳಲ್ಲಿಲ್ಲ. ಮನೆಮನೆಯ ತೋಟದ ಮೂಲೆಯಲ್ಲಿರುವ ನಾಗಬನಗಳಲ್ಲಿವೆ. ಬಳ್ಳಿ ಹೆಣೆದುಕೊಂಡ ಹಳೆಯ ಮರಗಳು, ಅಡಿಯಲ್ಲಿ ಕೆಲವು ನಾಗನಕಲ್ಲು. ಅಲ್ಲಿ ಕತ್ತಿ ಹಾಕುವಂತಿಲ್ಲ, ಸೌದೆ ಹೆಕ್ಕುವಂತಿಲ್ಲ, ಚಪ್ಪಲಿ ಹಾಕಿ ಹೋಗುವಂತಿಲ್ಲ, ಗಟ್ಟಿಯಾಗಿ ಮಾತಾಡುವಂತಿಲ್ಲ. ವರ್ಷಕ್ಕೆ ಕೆಲವು ಬಾರಿ ತಂಬಿಲ, ನಾಗರಪಂಚಮಿಗೆ ಹಾಲು, ಸೀಯಾಳ. ಉಳಿದ ದಿನ ಬನದ ಪಾಡು ಬನಕ್ಕೆ. ಮಕ್ಕಳಿಗೆ ಯಾರೂ ಪರಿಸರದ ಪಾಠ ಹೇಳಿರಲಿಲ್ಲ; ‘ಅಲ್ಲಿ ನಾಗ ಉಂಟು’ ಎಂದರೆ ಸಾಕಿತ್ತು.

ಈಗ ಜೀರ್ಣೋದ್ಧಾರದ ಕಾಲ. ಎಷ್ಟೋ ಕಡೆ ಮರ ಕಡಿದು ಕಾಂಕ್ರೀಟ್ ಕಟ್ಟೆ, ಸುತ್ತ ಇಂಟರ್‌ಲಾಕ್, ಮೇಲೆ ತಗಡಿನ ಮಾಡು. ನಾಗನಕಲ್ಲು ಬಿಸಿಲಿಗೆ ಕಾಯುತ್ತದೆ. ಭಕ್ತಿ ಹೆಚ್ಚಾಗಿದೆ, ಖರ್ಚೂ ಹೆಚ್ಚಾಗಿದೆ, ಹಕ್ಕಿ ಮಾತ್ರ ಬೇರೆ ಕಡೆಗೆ ಹೋಗಿದೆ. ಮರ ಉಳಿಸಿಕೊಂಡ ಬನಗಳು ಇನ್ನೂ ಇವೆ. ಅವುಗಳ ಎದುರು ಕಾಲು ಗಂಟೆ ನಿಂತವರಿಗೆ ಎರಡರ ವ್ಯತ್ಯಾಸ ವಿವರಿಸಬೇಕಿಲ್ಲ.

ಕುಮಾರಪರ್ವತ: ಏರುದಾರಿಯ ಕಾವಲು

ಸುಬ್ರಹ್ಮಣ್ಯದ ಹಿಂದೆ ಎದ್ದು ನಿಂತ ಕುಮಾರಪರ್ವತಕ್ಕೆ 1712 ಮೀಟರ್ ಎತ್ತರ. ಮಧ್ವಾಚಾರ್ಯರ ತಮ್ಮ ವಿಷ್ಣುತೀರ್ಥರು ಈ ಬೆಟ್ಟದಲ್ಲಿ ತಪಸ್ಸಿಗೆ ಹೋದವರು, ಇನ್ನೂ ಇಲ್ಲಿಯೇ ಇದ್ದಾರೆ ಎಂದು ಮಾಧ್ವ ಸಂಪ್ರದಾಯದ ನಂಬಿಕೆ. ಕೆಳಗಿನ ಸುಬ್ರಹ್ಮಣ್ಯ ಮಠದ ಪರಂಪರೆ ಅವರಿಂದಲೇ ಬಂದದ್ದು. ಮೇಲೆ ಹೋಗಿ ಮರಳದವರು ಒಬ್ಬರು, ಕೆಳಗೆ ಕೂತು ಮಠ ನಡೆಸಿದವರು ಹಲವರು. ಅಧ್ಯಾತ್ಮಕ್ಕೆ ಎರಡೂ ಬೇಕಾಗಿತ್ತು.

ದಾರಿ ಮೊದಲು ದಟ್ಟ ಕಾಡಿನೊಳಗೆ ಏರುತ್ತದೆ. ಬೇರುಗಳೇ ಮೆಟ್ಟಿಲು. ಜೀರುಂಡೆ ಕೂಗಲು ಶುರುಮಾಡಿದರೆ ಕಾಡಿಗೆ ಕಾಡೇ ಗುಂಯ್‌ಗುಡುತ್ತದೆ, ಒಮ್ಮೆಲೇ ನಿಲ್ಲುತ್ತದೆ. ಹೊರಟಾಗ ಆಫೀಸು, ರಾಜಕೀಯ, ಕ್ರಿಕೆಟ್ ಎಲ್ಲ ಮಾತಾಡುತ್ತಿದ್ದ ಗುಂಪುಗಳು ಅರ್ಧ ಗಂಟೆಯಲ್ಲಿ ಸದ್ದಡಗುತ್ತವೆ. ಏದುಸಿರಿಗೆ ಮಾತು ಬೇಡ. ಕಾಡು ಮುಗಿದು ಹುಲ್ಲುಗುಡ್ಡ ಶುರುವಾಗುವಲ್ಲಿ ಗಿರಿಗದ್ದೆ, ಚಾರಣಿಗರೆಲ್ಲ ಬಲ್ಲ ಭಟ್ಟರ ಮನೆ. ಅನ್ನ, ಸಾಂಬಾರು, ಮಜ್ಜಿಗೆ. ಅಲ್ಲಿಂದ ಮೇಲಕ್ಕೆ ಕಲ್ಲುಮಂಟಪ, ಶೇಷಪರ್ವತ, ಮತ್ತೊಂದು ಕಾಡು, ಆಮೇಲೆ ಶಿಖರ. ಅಷ್ಟರಲ್ಲಿ ಕೊಡಗಿನ ಪುಷ್ಪಗಿರಿ ಅಭಯಾರಣ್ಯಕ್ಕೆ ಬಂದಿರುತ್ತೀರಿ.

ಇಷ್ಟು ಕಡಿದಾದ ದಾರಿಯೇ ಬೆಟ್ಟದ ಮೌನಕ್ಕೆ ಕಾವಲು ಎಂದು ಬಹುಕಾಲ ನಂಬಿದ್ದೆವು. 2024ರ ಜನವರಿ ಕೊನೆಯ ರಜೆಯ ವಾರಾಂತ್ಯ ಆ ನಂಬಿಕೆ ಮುರಿಯಿತು. ಬೆಟ್ಟದ ಮೇಲೆ ಜಾತ್ರೆಯ ಹಾಗೆ ಸಾಲುಗಟ್ಟಿ ನಿಂತ ಜನರ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದವು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು; ಮತ್ತೆ ತೆರೆದದ್ದು ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಹಾಕಿದ ಮೇಲೆ. ತಪಸ್ಸಿನ ಬೆಟ್ಟಕ್ಕೆ ಟಿಕೆಟ್ಟೇ ಎಂದು ಕೆಲವರು ಬೇಸರಿಸಿದರು. ನನಗೆ ಹಾಗನ್ನಿಸಲಿಲ್ಲ. ನಾಗನ ಭಯ ಬನಕ್ಕೆ ಮಾಡಿದ ಕೆಲಸವನ್ನು ಇಲ್ಲಿ ಒಂದು ಆದೇಶ ಮಾಡುತ್ತಿದೆ. ಅಮೆರಿಕದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಮಳೆಕಾಡಿನಲ್ಲಿ ಗಾರ್ಡನ್ ಹೆಂಪ್ಟನ್ ಎಂಬ ಧ್ವನಿಮುದ್ರಕ 2005ರಲ್ಲಿ ಮರದ ದಿಮ್ಮಿಯ ಮೇಲೊಂದು ಪುಟ್ಟ ಕೆಂಪು ಕಲ್ಲಿಟ್ಟು, ಈ ಒಂದು ಚದರ ಇಂಚಿಗೆ ಮನುಷ್ಯರ ಸದ್ದು ಬೀಳದಂತೆ ನೋಡಿಕೊಳ್ಳೋಣ ಎಂದು ಹೊರಟ. ಅಷ್ಟು ಜಾಗ ಕಾದರೆ ಸುತ್ತಲ ಮೈಲುಗಟ್ಟಲೆ ಕಾಡು ತಾನಾಗಿ ಶಾಂತವಾಗುತ್ತದೆ ಎಂಬುದು ಅವನ ಲೆಕ್ಕ. ನಮ್ಮ ಹಿರಿಯರು ತೋಟದ ಮೂಲೆಯಲ್ಲಿ ಕಲ್ಲು ನೆಟ್ಟಾಗ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

ಸುಳ್ಯ: ಬೇಡದೆ ಬಂದ ಮೌನ

ಕಾರಂತರ ‘ಬೆಟ್ಟದ ಜೀವ’ ಇದೇ ಬೆಟ್ಟದ ಬುಡದ ಕತೆ. 1943ರಲ್ಲಿ ಬಂದ ಕಾದಂಬರಿ, ಪಿ. ಶೇಷಾದ್ರಿ ಮುಂದೆ ಅದನ್ನು ಸಿನಿಮಾ ಮಾಡಿದರು. ಸುಬ್ರಹ್ಮಣ್ಯದಿಂದ ಪಂಜಕ್ಕೆ ಹೊರಟ ನಿರೂಪಕ ಕಾಡಿನಲ್ಲಿ ದಾರಿ ತಪ್ಪಿ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಯ ಮನೆ ಸೇರುತ್ತಾನೆ. ಸುತ್ತ ಕಾಡು, ಕಡಿದು ಮಾಡಿದ ತೋಟ, ಹುಲಿಯ ಕಾಟ. ಎಲ್ಲದರ ನಡುವೆ ನಗುನಗುತ್ತ ಬದುಕುವ ಇಬ್ಬರು. ಓದುತ್ತ ಹೋದಂತೆ ಆ ನಗುವಿನ ಅಡಿಯಲ್ಲಿ ಒಂದು ಖಾಲಿತನ ಕಾಣುತ್ತದೆ: ಇದ್ದ ಮಗ ಮನೆ ಬಿಟ್ಟು ಹೋಗಿದ್ದಾನೆ.

ಪಂಜ, ಗುತ್ತಿಗಾರು, ಅರಂತೋಡಿನ ದಾರಿಯಲ್ಲಿ ಇವತ್ತು ಹೋದರೆ ಆ ಮನೆಗಳು ಇನ್ನೂ ಇವೆ ಅನ್ನಿಸುತ್ತದೆ. ಹುಲಿ ಇಲ್ಲ, ಡಾಂಬರು ರಸ್ತೆ ಇದೆ. ಅಂಗಳದಲ್ಲಿ ಹರಡಿದ ಅಡಿಕೆ, ಜಗಲಿಯಲ್ಲಿ ಇಬ್ಬರು ಹಿರಿಯರು, ಮಕ್ಕಳು ಬೆಂಗಳೂರಿನಲ್ಲಿ ಇಲ್ಲವೇ ವಿದೇಶದಲ್ಲಿ. ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ತೋಟಗಳನ್ನು ತಿಂದು ಹಾಕಿದೆ. ಹಲವರ ಮಕ್ಕಳು ಹೊರಗೆ ಹೋಗಲು ಅದೂ ಒಂದು ಕಾರಣ. ಮಧ್ಯಾಹ್ನದ ಹೊತ್ತು ತೋಟದ ಕಣಿಯ ಬದಿಯಲ್ಲಿ ನಿಂತರೆ ಎಲ್ಲೋ ಸೋಗೆ ಬಿದ್ದ ಸದ್ದು, ದೂರದಲ್ಲಿ ಯಾರದೋ ಸ್ಪ್ರಿಂಕ್ಲರ್ ಚಿಟಿಚಿಟಿ ಎನ್ನುವುದು. ಪೇಟೆಯಿಂದ ಬಂದವರಿಗೆ ಇದು ಸ್ವರ್ಗ.

ಅಂಥದೊಂದು ಮನೆಯಲ್ಲಿ ಬೆಲ್ಲ, ನೀರು ತಂದಿಟ್ಟ ಅಮ್ಮನಿಗೆ ‘ಎಷ್ಟು ಶಾಂತ ಉಂಟಲ್ಲ ಅಮ್ಮ ಇಲ್ಲಿ’ ಎಂದೆ. ಅವರು ನಕ್ಕರು. ‘ನೀವು ಎರಡು ದಿನ ಇದ್ದು ಹೋಗುವವರು. ಹಾಗಾಗಿ ನಿಮಗೆ ಶಾಂತ. ನಮಗೆ ರಾತ್ರಿ ಮಗನ ಫೋನು ಬರುವವರೆಗೆ ಹೊತ್ತೇ ಹೋಗುವುದಿಲ್ಲ’ ಎಂದರು. ಯಜಮಾನರು ಒಳಗಿನಿಂದ ‘ಅಡಿಕೆ ಸುಲಿಯುವವರು ಬಂದಾಗ ಮಾತ್ರ ಮನೆಯಲ್ಲಿ ಮಾತು’ ಎಂದು ಸೇರಿಸಿದರು.

ಮೌನದ ಬಗ್ಗೆ ಬರೆಯುವವರು ಇದನ್ನು ದಾಟಿ ಹೋಗಬಾರದು. ಕೆರೆಯ ಮೆಟ್ಟಿಲ ಮೇಲೆ ಕೂತವರು ತಾವಾಗಿ ಮಾತು ಬಿಟ್ಟವರು. ಬೇಕಾದಾಗ ಎದ್ದು ಮನೆಗೆ ಹೋಗಿ ಮಾತಾಡಬಲ್ಲರು. ಈ ಜಗಲಿಯಲ್ಲಿ ಕೂತವರನ್ನು ಮಾತು ಬಿಟ್ಟು ಹೋಗಿದೆ. ಕಿವಿಗೆ ಎರಡೂ ಒಂದೇ ತೆರ, ಎದೆಗೆ ಅಲ್ಲ. ಸಾಧಕನಿಗೆ ಮದ್ದಾದದ್ದು ಒಂಟಿಯಾದವರಿಗೆ ರೋಗವೂ ಆಗಬಹುದು.

ತೊಡಿಕಾನದ ಮೀನುಗಳು

ಅರಂತೋಡಿನಿಂದ ಒಳಗೆ ತಿರುಗಿದರೆ ತೊಡಿಕಾನ. ಮಲ್ಲಿಕಾರ್ಜುನ ದೇವಸ್ಥಾನದ ಬದಿಯ ಹೊಳೆಯಲ್ಲಿ ಮತ್ಸ್ಯತೀರ್ಥ. ಇಲ್ಲಿನವು ದೇವರ ಮೀನುಗಳು, ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ. ಆ ನಿಷೇಧದಿಂದಲೇ ಮೈತುಂಬಿ ಬೆಳೆದ ಮಹಶೀರ್‌ಗಳು ಮೆಟ್ಟಿಲ ಬುಡದವರೆಗೆ ಬರುತ್ತವೆ. ಚರ್ಮರೋಗ ವಾಸಿಯಾದರೆ ಮೀನಿಗೆ ಅಕ್ಕಿ ಹಾಕುತ್ತೇನೆಂದು ಹರಕೆ ಹೇಳಿಕೊಂಡು ಬರುವವರಿದ್ದಾರೆ. ಅಕ್ಕಿ ಬಿದ್ದೊಡನೆ ನೀರು ಕುದಿಯುತ್ತದೆ, ಮತ್ತೆ ತಿಳಿಯಾಗುತ್ತದೆ. ಮಕ್ಕಳು ಮೊದಲು ಕಿರುಚುತ್ತಾರೆ, ಆಮೇಲೆ ಅವರೇ ‘ಶ್’ ಎನ್ನುತ್ತಾರೆ, ಸದ್ದಿಗೆ ಮೀನು ದೂರ ಹೋಗುತ್ತದೆಂದು. ಧ್ಯಾನದ ಗುರುಗಳು ವಾರಗಟ್ಟಲೆ ಕಲಿಸುವ ಎಚ್ಚರದ ನೋಟ ಇಲ್ಲಿ ಹತ್ತು ನಿಮಿಷಕ್ಕೆ ಬರುತ್ತದೆ. ನಿಲ್ಲುತ್ತದೋ ಇಲ್ಲವೋ, ಬೇರೆ ಮಾತು.

ಇಷ್ಟಕ್ಕೂ ಸುಮ್ಮನಿರುವುದರಿಂದ ದೇಹಕ್ಕೆ ಏನಾಗುತ್ತದೆ? ಇಟಲಿಯ ಪಾವಿಯಾದ ವೈದ್ಯ ಲೂಸಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು ಬಗೆಬಗೆಯ ಸಂಗೀತ ಕೇಳಿಸಿ ರಕ್ತದೊತ್ತಡ, ಉಸಿರು, ನಾಡಿ ಅಳೆದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹಾಡುಗಳ ನಡುವೆ ಬಿಟ್ಟ ಎರಡು ನಿಮಿಷದ ಮೌನದಲ್ಲಿ ದೇಹ ಹಿತವಾದ ಸಂಗೀತಕ್ಕಿಂತಲೂ ಹೆಚ್ಚು ಸಡಿಲವಾಗಿತ್ತು. ಮೌನವನ್ನು ಅಳೆಯಲು ಅವರು ಹೊರಟಿರಲೇ ಇಲ್ಲ. ನಡುವಿನ ಬಿಡುವಾಗಿ ಇಟ್ಟದ್ದು ಅದು. ಬೆಳತನಕ ಯಕ್ಷಗಾನ ನೋಡುವ ನಮ್ಮವರಿಗೆ ಇದು ಹೊಸತಲ್ಲ: ಚೆಂಡೆ ನಿಂತ ಗಳಿಗೆಗೆ ಅಷ್ಟು ತೂಕ ಬರುವುದು ಅಷ್ಟು ಹೊತ್ತು ಬಾರಿಸಿದ್ದರಿಂದ. ಕಾನೂನೂ ಒಂದಿದೆ. 2000ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರನ್ನು ಮೌನವಲಯವೆಂದು ಗುರುತಿಸಲು ಹೇಳುತ್ತವೆ. ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್, ರಾತ್ರಿ 40. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ತಡೆ. ಊರಿನ ಉತ್ಸವ ಸಮಿತಿಗಳು ಇದನ್ನು ಎಷ್ಟು ಪಾಲಿಸುತ್ತವೆ ಎಂದು ಕೇಳಿದರೆ ಎಲ್ಲರೂ ನಗುತ್ತಾರೆ.

ಹೋಗುವವರಿಗೆ

ಮಂಗಳೂರಿನಿಂದ ಪುತ್ತೂರಿಗೆ ಸುಮಾರು 50 ಕಿ.ಮೀ., ಸುಬ್ರಹ್ಮಣ್ಯಕ್ಕೆ ಸುಮಾರು 105. ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಬರುವವರು ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವ ನೆಟ್ಟಣದಲ್ಲಿ ಇಳಿಯಬೇಕು. ಪುತ್ತೂರು, ಸುಳ್ಯ, ಸುಬ್ರಹ್ಮಣ್ಯಗಳ ನಡುವೆ ಬಸ್ಸುಗಳಿಗೆ ಕೊರತೆಯಿಲ್ಲ. ತೊಡಿಕಾನಕ್ಕೆ ಸ್ವಂತ ವಾಹನ ಇಲ್ಲವೇ ಸುಳ್ಯದ ಆಟೋ ಅನುಕೂಲ. ನವೆಂಬರ್‌ನಿಂದ ಫೆಬ್ರವರಿ ಹಿತವಾದ ಕಾಲ. ಮಳೆಗಾಲದಲ್ಲಿ ಕಾಡುದಾರಿಯ ಜಿಗಣೆ, ಜಾರುವ ಕಲ್ಲು, ಒಮ್ಮೆಲೇ ಏರುವ ಹೊಳೆಯ ಬಗ್ಗೆ ಎಚ್ಚರವಿರಲಿ. ಸುಬ್ರಹ್ಮಣ್ಯಕ್ಕೆ ಷಷ್ಠಿ, ಆಶ್ಲೇಷಾ, ಭಾನುವಾರ, ಮಂಗಳವಾರ ಬಿಟ್ಟು ಹೋಗಿ. ಕುಮಾರಪರ್ವತಕ್ಕೆ ಅರಣ್ಯ ಇಲಾಖೆಯಲ್ಲಿ ಮೊದಲೇ ಬುಕ್ ಮಾಡಿಕೊಳ್ಳಿ. ಮನೆಯವರನ್ನು ಕೇಳದೆ ಯಾರ ನಾಗಬನಕ್ಕೂ ಕಾಲಿಡಬೇಡಿ.

ಉಳಿಯಲು ತೋಟದ ಮನೆಯೇನಾದರೂ ಸಿಕ್ಕಿದರೆ ಬೆಳಗಿನ ಹೊತ್ತು ನಿಮ್ಮದಾಗಿರಲಿ. ಕಣಿಯ ಬದಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಸುಮ್ಮನೆ ಕೂರಿ. ಸಂಜೆ ಮಾತ್ರ ಫೋನು ಒಳಗಿಟ್ಟು ಜಗಲಿಗೆ ಬನ್ನಿ, ಅಡಿಕೆ ರೇಟು ಎಷ್ಟಾಯಿತೆಂದು ಕೇಳಿ, ಮಗ ಯಾವ ಕಂಪನಿಯಲ್ಲಿದ್ದಾನೆಂದು ಕೇಳಿ. ಹಗಲೆಲ್ಲ ನಿಮಗೆ ಮೌನ ಕೊಟ್ಟ ಮನೆಗೆ ನೀವು ತಿರುಗಿ ಕೊಡಬಹುದಾದದ್ದು ಎರಡು ಗಂಟೆಯ ಮಾತು.